ಜ್ವರ ಬಿಟ್ಟರೂ ಸೊಳ್ಳೆಗೆ ದಾಟುವ ಮಲೇರಿಯಾ

ಮಲೇರಿಯಾ ರೋಗಿಯನ್ನು ಕಚ್ಚಿದ ಅನಾಫಿಲಿಸ್ ಸೊಳ್ಳೆಗಳಿಗೆಲ್ಲ ಸೋಂಕು ತಗಲುವುದಿಲ್ಲ. ಚಳಿ, ನಡುಕ ತರುವ ರೋಗಾಣುಗಳು ಸೊಳ್ಳೆಯ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತವೆ. ಅಲ್ಲಿ ಬದುಕುವುದು ಗ್ಯಾಮಿಟೋಸೈಟ್ ಎಂಬ ರೂಪ ಮಾತ್ರ. ಸೊಳ್ಳೆ ಹೀರುವ 2–3 ಮೈಕ್ರೋಲೀಟರ್ ರಕ್ತದಲ್ಲಿ ಅದರ ಗಂಡೂ ಹೆಣ್ಣೂ ಎರಡೂ ಇರಬೇಕು.

ರಕ್ತ ಸೊಳ್ಳೆಯ ಹೊಟ್ಟೆ ಸೇರಿದ ಕೂಡಲೇ ಅದರ ಬಿಸಿ ಇಳಿಯುತ್ತದೆ. ಆ ತಂಪು ಮತ್ತು ಸೊಳ್ಳೆಯೊಳಗಿನ ಕ್ಸಾಂಥುರೆನಿಕ್ ಆಮ್ಲ ಸೇರಿ ಗಂಡು ಗ್ಯಾಮಿಟೋಸೈಟನ್ನು ಎಬ್ಬಿಸುತ್ತವೆ. ಹದಿನೈದು ನಿಮಿಷದೊಳಗೆ ಅದು ಸಿಡಿದು ಎಂಟರವರೆಗೆ ಎಳೆಗಳನ್ನು ಬಿಡುತ್ತದೆ, ಒಂದೊಂದೂ ಹೆಣ್ಣನ್ನು ಹುಡುಕಿ ಹೊರಡುತ್ತದೆ. ಈ ಕೂಟವನ್ನು ತಡೆಯುವ ಪ್ರತಿಕಾಯಗಳು ರೋಗಿಯ ರಕ್ತದಲ್ಲಿದ್ದರೆ ಅವೂ ಜೊತೆಗೇ ಒಳಹೋಗಿ ಅಲ್ಲೇ ಕೆಲಸ ಮಾಡುತ್ತವೆ. ಇಬ್ಬರು ರೋಗಿಗಳಲ್ಲಿ ಗ್ಯಾಮಿಟೋಸೈಟ್ ಒಂದೇ ಪ್ರಮಾಣದಲ್ಲಿದ್ದರೂ ಸೊಳ್ಳೆಗೆ ಒಬ್ಬರಿಂದ ದಾಟಿ, ಇನ್ನೊಬ್ಬರಿಂದ ದಾಟದಿರಲು ಇದೂ ಒಂದು ಕಾರಣ.

ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ಗ್ಯಾಮಿಟೋಸೈಟ್ ಬಲು ಬೇಗ, ಎಷ್ಟೋ ಸಲ ಜ್ವರ ಕಾಣುವ ಮೊದಲೇ, ರಕ್ತದಲ್ಲಿರುತ್ತದೆ. ಕ್ಲೋರೋಕ್ವಿನ್ ಮಾತ್ರೆ ಅದನ್ನು ಕೊಲ್ಲುತ್ತದೆ. ಯಕೃತ್ತಿನಲ್ಲಿ ಮಲಗಿರುವ ರೋಗಾಣುವನ್ನು ಮಾತ್ರ ಮುಟ್ಟುವುದಿಲ್ಲ. ಅದಕ್ಕೇ 14 ದಿನದ ಪ್ರೈಮಾಕ್ವಿನ್ ಮಾತ್ರೆ. ಜ್ವರ ಬಿಟ್ಟಿತೆಂದು ಮೂರನೇ ದಿನಕ್ಕೇ ಮಾತ್ರೆ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸಬಹುದು. ಆಗ ಹೊಸ ಗ್ಯಾಮಿಟೋಸೈಟೂ ಬರುತ್ತದೆ.

ಇನ್ನೊಂದು ಬಗೆಯಾದ ಫ್ಯಾಲ್ಸಿಪಾರಂನದು ಬೇರೆ ದಾರಿ. ಅದರ ಗ್ಯಾಮಿಟೋಸೈಟ್ ಮೂಳೆಮಜ್ಜೆಯಲ್ಲಿ ಹತ್ತು ಹನ್ನೆರಡು ದಿನ ಬೆಳೆದು ಹೊರಬರುತ್ತದೆ. ಜ್ವರ ಇಳಿಸುವ ಎಸಿಟಿ (ಆರ್ಟಿಮಿಸಿನಿನ್ ಜೊತೆ ಇನ್ನೊಂದು ಔಷಧ ಸೇರಿದ) ಮಾತ್ರೆಗಳು ಬಲಿತ ಗ್ಯಾಮಿಟೋಸೈಟನ್ನು ಪೂರ್ತಿ ಕೊಲ್ಲುವುದಿಲ್ಲ, ಹಾಗಾಗಿ ಕೆಲಸಕ್ಕೆ ಮರಳಿದವರೂ ವಾರಗಟ್ಟಲೆ ಸೊಳ್ಳೆಗೆ ಸೋಂಕು ಕೊಡಬಲ್ಲರು. ಚಿಕಿತ್ಸೆಯ ಎರಡನೇ ದಿನ ಒಂದೇ ಬಾರಿ ಕೊಡುವ ಪ್ರೈಮಾಕ್ವಿನ್ ಇದನ್ನು ಮುರಿಯುತ್ತದೆ. ಗರ್ಭಿಣಿಯರಿಗೆ, ವರ್ಷ ತುಂಬದ ಮಕ್ಕಳಿಗೆ ಅದು ಬೇಡ. ರಕ್ತಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಲ್ಲಿ ರಕ್ತಕಣ ಒಡೆಯಬಹುದು. ಮೂತ್ರ ಕಪ್ಪಾಗಿ ಹೋದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬರಬೇಕು.

ರಕ್ತಪರೀಕ್ಷೆಯ ಸ್ಲೈಡಿನಲ್ಲಿ ಕಾಣಲಿಲ್ಲವೆಂದರೆ ಗ್ಯಾಮಿಟೋಸೈಟ್ ಇಲ್ಲವೆಂದಲ್ಲ. ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಕಡಿಮೆಯಿದ್ದರೂ ಸೊಳ್ಳೆಗೆ ದಾಟಬಲ್ಲದು.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ರೋಗ ಹರಡುವ, ಅನಾಫಿಲಿಸ್‌ನದೇ ಒಂದು ಜಾತಿಯಾದ ಕ್ಯುಲಿಸಿಫೇಸಿಸ್ ಸೊಳ್ಳೆಗೆ ದನದ ರಕ್ತವೇ ಹೆಚ್ಚು ಇಷ್ಟ, ಆದರೂ ರಾತ್ರಿ ಮನುಷ್ಯರನ್ನೂ ಬಿಡದು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುಮನೆಗಳ ಗೋಡೆಗೆ ಕೀಟನಾಶಕ ಸಿಂಪಡಿಸಿದರೆ ಹುಳುವೂ ಸಾಯುತ್ತದೆ, ರೈತರು ಒಪ್ಪುವುದಿಲ್ಲ, ಅದು ಸಹಜವೂ ಹೌದು. ಇಂಥ ಊರಲ್ಲಿ ಬಾವಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡುವುದರ ಜೊತೆಗೆ ರೋಗಿಯನ್ನೇ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಮನೆಯಲ್ಲಿ ಪರದೆ ಒಂದೇ ಇದ್ದರೆ ಅದು ಮೊದಲು ರೋಗಿಗೆ, ಮಾತ್ರೆ ಮುಗಿಯುವವರೆಗೂ. ಮಂಗಳೂರಿಗೋ ಹೊರರಾಜ್ಯಕ್ಕೋ ಕೂಲಿಗೆ ಹೋಗಿ ಬಂದವರಿಗೆ ಜ್ವರ ಕಂಡರೆ ಆಶಾ ಕಾರ್ಯಕರ್ತೆಯರು ಅಂದೇ ರಕ್ತ ತೆಗೆಯಲಿ.