ಪದ ಪರಿಚಯ: ಅಸಮ ಕುಸಿತ

ಸಿಂಧನೂರು, ಮಸ್ಕಿ ಕಡೆ ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಗೋಡೆ ಬಿರುಕು ಹೊಸದಲ್ಲ. ಕಿಟಕಿಯ ಮೂಲೆಯಿಂದ ಶುರುವಾಗಿ, ಇಟ್ಟಿಗೆಯ ಸಂದಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಏರುವ ಬಿರುಕು ಅದು. ಮನೆ ಕೂತಿದೆ ಅಂತೀವಿ. ಇಡೀ ಮನೆ ಒಂದೇ ಸಮ ಕೂತಿದ್ದರೆ ಗೋಡೆ ಬಿರಿಯುತ್ತಲೇ ಇರಲಿಲ್ಲ. ಒಂದು ಮೂಲೆ ಜಾಸ್ತಿ, ಇನ್ನೊಂದು ಕಡಿಮೆ ಕೂತಾಗ ಗೋಡೆ ಸೀಳುತ್ತದೆ. ಇದೇ ಅಸಮ ಕುಸಿತ. ನೆಲದಡಿ ಸುರಂಗ ಕೊರೆಯುವಾಗ ಮೇಲಿನ ಕಟ್ಟಡಗಳಿಗೆ ಇರುವ ಭಯವೂ ಇದೇ.

ಎಲ್ಲೋ ಆಳದಲ್ಲಿ ಕೊರೆದರೆ ಮೇಲಿನ ನೆಲ ಯಾಕೆ ಕೂರಬೇಕು? ಸುರಂಗದಿಂದ ಹೊರಬರುವ ಮಣ್ಣು, ಆಮೇಲೆ ಅಲ್ಲಿ ಕೂರಿಸುವ ಕಾಂಕ್ರೀಟ್ ಕೊಳವೆ ಹಿಡಿಯುವ ಜಾಗಕ್ಕಿಂತ ಯಾವಾಗಲೂ ಸ್ವಲ್ಪ ಜಾಸ್ತಿ. ಕೊರೆಯುವ ಮುಖದಲ್ಲಿ ಮಣ್ಣು ಒಳಕ್ಕೆ ಸರಿಯುತ್ತದೆ. ಕೊಳವೆಯ ಸುತ್ತ ಸಂದು ಉಳಿಯುತ್ತದೆ. ಅದಕ್ಕೆ ಗ್ರೌಟ್ (ಸಿಮೆಂಟಿನ ತೆಳು ಗಾರೆ) ತುಂಬುವಷ್ಟರಲ್ಲಿ ಅಕ್ಕಪಕ್ಕದ ಮಣ್ಣು ಸಡಿಲಾಗಿರುತ್ತದೆ. ಹೀಗೆ ಹೋದ ಮಣ್ಣೇ ಮೇಲೆ ತಗ್ಗಾಗಿ ಕಾಣುತ್ತದೆ. ಸುರಂಗದ ನೆತ್ತಿಗೆ ನೇರವಾಗಿ ಆಳ, ಎರಡೂ ಬದಿಗೆ ನಿಧಾನಕ್ಕೆ ಏರುವ ಅಗಲ ಬೋಗುಣಿಯಂಥ ತಗ್ಗು. ಇದನ್ನು ಲೆಕ್ಕ ಹಾಕುವ ದಾರಿಯನ್ನು ಅಮೆರಿಕದ ಇಂಜಿನಿಯರ್ ರಾಲ್ಫ್ ಪೆಕ್ 1969ರಲ್ಲಿ ಮುಂದಿಟ್ಟರು.

ಒಂದು ಲೆಕ್ಕ ನೋಡೋಣ. ಜೇಡಿಮಣ್ಣಿನಲ್ಲಿ 20 ಮೀಟರ್ ಆಳಕ್ಕೆ 6 ಮೀಟರ್ ವ್ಯಾಸದ ಸುರಂಗ. ಸುರಂಗದ ಗಾತ್ರದ ಶೇ 1ರಷ್ಟು ಮಣ್ಣು ಹೆಚ್ಚಿಗೆ ಹೋಯಿತು ಅನ್ನಿ. ನೆತ್ತಿಯ ಮೇಲೆ ನೆಲ ಸುಮಾರು 11 ಮಿ.ಮೀ. ಕೂರುತ್ತದೆ. ಬೋಗುಣಿಯ ತೀರಾ ಕಡಿದಾದ ಜಾಗದಲ್ಲೂ ಇಳಿಜಾರು 1,500ಕ್ಕೆ 1ರ ಆಸುಪಾಸು. ಗೋಡೆಗಳಲ್ಲಿ ಬಿರುಕು ಸಾಮಾನ್ಯವಾಗಿ ಶುರುವಾಗುವುದು 300ಕ್ಕೆ 1 ಆದಾಗ, ಅಂದರೆ 3 ಮೀಟರ್ ಗೋಡೆಯಲ್ಲಿ 10 ಮಿ.ಮೀ. ವ್ಯತ್ಯಾಸ ಬಂದಾಗ. ಹಾಗಾಗಿ ಇಲ್ಲಿ ಹೆದರಬೇಕಿಲ್ಲ. ಅದೇ ಸುರಂಗ 10 ಮೀಟರ್ ಆಳದಲ್ಲಿದ್ದರೆ? ಕುಸಿತ ಎರಡು ಪಟ್ಟು, ಇಳಿಜಾರು ಮಾತ್ರ ನಾಲ್ಕು ಪಟ್ಟು! ಸುಮಾರು 365ಕ್ಕೆ 1. ಜನ ಸಾಮಾನ್ಯವಾಗಿ ನೆಲ ಎಷ್ಟು ಕೂತಿತು ಅಂತ ಕೇಳುತ್ತಾರೆ. ಸುರಂಗ ಎಷ್ಟು ಆಳ, ನಮ್ಮ ಮನೆ ಬೋಗುಣಿಯ ಯಾವ ಭಾಗದಲ್ಲಿದೆ ಅಂತ ಮೊದಲು ಕೇಳಬೇಕು. ಅಂಚಿನ ಕಡೆ ಗೋಡೆ ಮೇಲಕ್ಕೆ ಬಾಗಿ ತಲೆಭಾಗದಲ್ಲಿ ಬಾಯಿ ಬಿಡುತ್ತದೆ. ಪಿಲ್ಲರ್ ಇಲ್ಲದ ಬರೀ ಇಟ್ಟಿಗೆ ಗೋಡೆ ಇದನ್ನು ತಡೆಯುವುದು ಕಷ್ಟ.

ನೀರನ್ನೂ ಮರೆಯಬಾರದು. ಅಂತರ್ಜಲ ಸುರಂಗಕ್ಕೆ ಸೋರಿ ಇಳಿದುಹೋದರೆ ಜೇಡಿಮಣ್ಣು ತಿಂಗಳುಗಟ್ಟಲೆ ಕೂರುತ್ತಲೇ ಇರುತ್ತದೆ, ಅದೂ ಬೋಗುಣಿಯ ಆಚೆಯವರೆಗೆ.

ಬಂಡೆಯ ಕಥೆ ಬೇರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಗಟ್ಟಿ ಕಲ್ಲಿನಲ್ಲಿ ನೂರಾರು ಮೀಟರ್ ಕೆಳಗಿಳಿದಿದೆ. ಅಂಥ ಕಡೆ ಮಣ್ಣಿನ ಈ ಲೆಕ್ಕ ನಡೆಯಲ್ಲ. ಕಲ್ಲಿನ ಸೀಳುಗಳು, ಸ್ಫೋಟದ ಅದುರು ಇವನ್ನೇ ನೋಡಬೇಕು.

ಎರೆ ಮಣ್ಣಿನ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುತ್ತದೆ. ಸುರಂಗದಿಂದಾದ ಬಿರುಕು ಹೀಗೆ ಕಾಲ ನೋಡಿ ಮುಚ್ಚಲ್ಲ. ಅನುಮಾನವಿದ್ದರೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲೇ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಸುರಂಗದ ಕೆಲಸ ಶುರುವಾಗುವ ಮುಂಚೆಯೇ ಮನೆಯ ಪ್ರತಿ ಗೋಡೆಯ ಫೋಟೋ ತೆಗೆಸಿ, ಸರ್ವೆ ವರದಿಯ ಒಂದು ಪ್ರತಿ ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಆಮೇಲೆ ಪರಿಹಾರ ಕೇಳಲು ಹೋದಾಗ, ಆ ಬಿರುಕು ಮೊದಲೇ ಇತ್ತಾ ಅನ್ನೋ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.