ಕೊರ್ಫಾಂತಿಯ ಹಸು ಮತ್ತು ಸೈಲೀಷಿಯಾದ ಪೋಲಿ ಪತ್ರಿಕೆ

ಪೋಲೆಂಡಿಗೆ ಮತ ಹಾಕಿದರೆ ಹಸು ಸಿಗುತ್ತದಂತೆ! ಈಗ ಬಹುಪಾಲು ಪೋಲೆಂಡಿನಲ್ಲಿರುವ ಅಪ್ಪರ್ ಸೈಲೀಷಿಯಾದ ಕಲ್ಲಿದ್ದಲು ಗಣಿಗಳ ಊರುಗಳಲ್ಲಿ 1921ರ ಹೊತ್ತಿಗೆ ಎಲ್ಲರ ಬಾಯಲ್ಲೂ ಇದೇ ಮಾತು. ಪೋಲಿಷ್ ಪರ ಮುಂದಾಳು ವೊಯ್ಚೆಖ್ ಕೊರ್ಫಾಂತಿ ಬಡವರಿಗೆ ಭೂಮಿ ಕೊಡಿಸುವ ಭರವಸೆ ಕೊಟ್ಟಿದ್ದರು. ಜರ್ಮನ್ ಪರ ಪ್ರಚಾರಕರು ಆ ಭರವಸೆಯನ್ನು ಹಸುವಿನ ಮಾತಿಗೆ ಜೋಡಿಸಿ 'ಕೊರ್ಫಾಂತಿಯ ಹಸು'ವನ್ನು ಗೇಲಿಯ ಸರಕು ಮಾಡಿಕೊಂಡರು. ನೂರು ವರ್ಷ ಕಳೆದರೂ ಆ ಹಸು ಅಲ್ಲಿನ ನೆನಪಿನಿಂದ ಮಾಸಿಲ್ಲ.

ಹದಿನೆಂಟನೇ ಶತಮಾನದಿಂದಲೂ ಈ ಸೀಮೆ ಪ್ರಷ್ಯಾದ ಕೈಯಲ್ಲಿತ್ತು. ಶಾಲೆಯಲ್ಲಿ ಜರ್ಮನ್, ಮನೆಯಲ್ಲಿ ಜರ್ಮನ್ ಪದಗಳು ಧಾರಾಳವಾಗಿ ಬೆರೆತ ಪೋಲಿಷ್ ಆಡುನುಡಿ. ಮೊದಲ ಮಹಾಯುದ್ಧದ ನಂತರ, ಇದು ಯಾವ ದೇಶಕ್ಕೆ ಸೇರಬೇಕೆಂದು ಜನಮತದಿಂದಲೇ ತೀರ್ಮಾನವಾಗಲಿ ಎಂದು ವರ್ಸೇಲ್ಸ್ ಒಪ್ಪಂದ ಹೇಳಿತು. ಪೋಲಿಷ್ ಪುಸ್ತಕವನ್ನೂ ಜರ್ಮನ್ ಪುಸ್ತಕವನ್ನೂ ಅಷ್ಟಾಗಿ ಓದದ ಗಣಿ ಕಾರ್ಮಿಕರನ್ನು ಒಲಿಸಿಕೊಳ್ಳುವುದು ಹೇಗೆ?

1920ರಲ್ಲಿ 'ಕೊತ್ಸಿಂದೆರ್' ಎಂಬ ಪೋಲಿಷ್ ಪರ ಹಾಸ್ಯ ಪತ್ರಿಕೆ ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಆ ಸೀಮೆಯ ಮಾತಿನಲ್ಲಿ ಕೊತ್ಸಿಂದೆರ್ ಎಂದರೆ ಪೋಲಿ, ತುಂಟ. ಸಂಪಾದಕ ಸ್ತಾನಿಸ್ವಾಫ್ ಲಿಗೊನ್ ಚಿತ್ರಕಾರರೂ ಹೌದು. ಅವರ ಅಜ್ಜ ಯುಲಿಯುಶ್ ಲಿಗೊನ್ ಕುಲುಮೆಯ ಕೆಲಸ ಮಾಡುತ್ತಲೇ ಪೋಲಿಷಿನಲ್ಲಿ ಪದ್ಯ ಕಟ್ಟಿದವರು. ಮೊಮ್ಮಗ ಅದೇ ನುಡಿಯನ್ನು, ಅದರ ಒರಟುತನವನ್ನು ತಿದ್ದದೆ, ವ್ಯಂಗ್ಯಚಿತ್ರ ಮತ್ತು ನಗೆಗತೆಗಳಲ್ಲಿ ಅಚ್ಚಿಗೆ ತಂದರು. ಈ ಪತ್ರಿಕೆಯ ದೊಡ್ಡ ಸಾಧನೆ ಇದೇ ಎಂದು ನನಗನ್ನಿಸುತ್ತದೆ. ಶಾಲೆಯಲ್ಲಿ ಕೀಳಾಗಿ ಕಂಡ ತಮ್ಮ ಮಾತು ಅಚ್ಚಾಗಿ ಎದುರಿಗೆ ಬಂದಾಗ ಆ ಕಾರ್ಮಿಕರಿಗೆ ಎಷ್ಟು ಹಿಗ್ಗಾಗಿರಬೇಕು!

ಎದುರು ಪಾಳೆಯವೂ ಸುಮ್ಮನಿರಲಿಲ್ಲ. ಜರ್ಮನ್ ಪರವಾಗಿ ಬಂದ ಎರಡು ಭಾಷೆಗಳ ಹಾಸ್ಯ ಪತ್ರಿಕೆಯ ಹೆಸರು 'ಪ್ಯೆರೊನ್'. ಅದು 'ಸಿಡಿಲು' ಎಂಬ ಅರ್ಥದ ಸ್ಲಾವಿಕ್ ಪದ, ಸೈಲೀಷಿಯನ್ನರು ಮಾತುಮಾತಿಗೂ ಹಾಕುವ ಬೈಗುಳ. ಜರ್ಮನಿಯ ಪರ ವಾದಿಸುವವರೂ ಜನರ ನುಡಿಯಿಂದಲೇ ಹೆಸರು ಕಡ ತರಬೇಕಾಯಿತು.

1921ರ ಮಾರ್ಚ್ 20ರಂದು ಜರ್ಮನಿಗೆ 7 ಲಕ್ಷಕ್ಕೂ ಹೆಚ್ಚು, ಪೋಲೆಂಡಿಗೆ ಸುಮಾರು 4.8 ಲಕ್ಷ ಮತ ಬಿದ್ದವು. ಮೇ ತಿಂಗಳಲ್ಲಿ ಪೋಲಿಷರು ಮೂರನೇ ಬಾರಿ ದಂಗೆ ಎದ್ದರು. ಅಕ್ಟೋಬರ್‌ನಲ್ಲಿ ಸೀಮೆಯನ್ನು ಇಬ್ಭಾಗ ಮಾಡುವ ತೀರ್ಮಾನವಾಯಿತು. ನೆಲದಲ್ಲಿ ಸುಮಾರು ಮೂರನೇ ಒಂದು ಭಾಗ ಪೋಲೆಂಡಿಗೆ ಬಂತು, ಜೊತೆಗೆ ಹೆಚ್ಚಿನ ಗಣಿಗಳೂ ಬಂದವು. ಕೊರ್ಫಾಂತಿಯ ಕಚೇರಿಯಿದ್ದ ಬೀತೊಮ್ ಜರ್ಮನಿಯಲ್ಲೇ ಉಳಿಯಿತು. ಜರ್ಮನ್ ಪರ ಪ್ರಚಾರದ ಕೇಂದ್ರವಾಗಿದ್ದ ಕಾತೊವಿತ್ಸೆ ಪೋಲೆಂಡಿನದಾಯಿತು. ಎರಡೂ ಕಡೆಯವರಿಗೆ ನಗೆಯ ಪಾತ್ರವಾಗಿದ್ದ, ತಾನು ಪೋಲನೂ ಅಲ್ಲ ಜರ್ಮನನೂ ಅಲ್ಲ, ಇಲ್ಲಿಯವನು ಎನ್ನುತ್ತಿದ್ದ ಮನುಷ್ಯನ ನಡುವೆಯೇ ಗಡಿ ಹಾದುಹೋಯಿತು.

1922ರಲ್ಲಿ 'ಕೊತ್ಸಿಂದೆರ್' ನಿಂತಿತು. 1927ರ ಡಿಸೆಂಬರ್‌ನಲ್ಲಿ ಕಾತೊವಿತ್ಸೆಯಲ್ಲಿ ರೇಡಿಯೊ ಕೇಂದ್ರ ಶುರುವಾಯಿತು. ಅಲ್ಲಿಂದ ಲಿಗೊನ್ ಅದೇ ಆಡುನುಡಿಯಲ್ಲಿ ಕತೆ ಹೇಳತೊಡಗಿದರು. ಕೇಳುಗರು ಅವರನ್ನು ಗುರುತಿಸುತ್ತಿದ್ದದ್ದು 'ಕೊತ್ಸಿಂದೆರ್‌ನ ಕಾರ್ಲಿಕ್' ಎಂಬ ಹೆಸರಿನಿಂದ.