ಕಣ್ಣಿನ ಮಸೂರಕ್ಕೆ ವಿಕಿರಣದ ಮಿತಿ 150ರಿಂದ 20ಕ್ಕೆ ಇಳಿದದ್ದು ಹೇಗೆ?

2011ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ (ಐಸಿಆರ್‌ಪಿ) ಸೋಲ್‌ ನಗರದಿಂದ ಒಂದು ಹೇಳಿಕೆ ಹೊರಡಿಸಿತು. ವಿಕಿರಣದ ನಡುವೆ ದುಡಿಯುವವರ ಕಣ್ಣಿನ ಮಸೂರಕ್ಕೆ ಅಲ್ಲಿಯವರೆಗೆ ವರ್ಷಕ್ಕೆ 150 ಮಿಲಿಸೀವರ್ಟ್ (ವಿಕಿರಣದಿಂದಾಗಬಹುದಾದ ಹಾನಿಯನ್ನು ಅಳೆಯುವ ಮಾನ) ಮಿತಿಯಿತ್ತು. ಅದನ್ನು 5 ವರ್ಷಗಳ ಸರಾಸರಿಯಲ್ಲಿ 20ಕ್ಕೆ ಇಳಿಸಬೇಕು, ಯಾವ ಒಂದು ವರ್ಷದಲ್ಲೂ 50 ಮೀರಬಾರದು ಎಂದಿತು. ಇಷ್ಟು ದೊಡ್ಡ ಇಳಿಕೆಗೆ ಕಾರಣ ಹೊಸ ಅಪಾಯವಲ್ಲ. ಹಳೆಯ ಅಪಾಯವನ್ನೇ ಹೆಚ್ಚು ಕಾಲ ಕಾದು ನೋಡಿದ್ದು.

ಎಕ್ಸ್-ರೇ ಪತ್ತೆಯಾದದ್ದು 1895ರಲ್ಲಿ. ಅದು ಕಣ್ಣಿಗೆ ಒಳ್ಳೆಯದಲ್ಲವೆಂಬ ಸಂಶಯ ಬೇಗನೇ ಹುಟ್ಟಿತ್ತು. ಆದರೆ ಎಲ್ಲರ ಗಮನ ಸೆಳೆದದ್ದು 1940ರ ದಶಕದ ಕೊನೆಯಲ್ಲಿ. ಅಮೆರಿಕದಲ್ಲಿ ಸೈಕ್ಲೋಟ್ರಾನ್‌ಗಳ (ಪರಮಾಣು ಕಣಗಳನ್ನು ಅತಿವೇಗಕ್ಕೆ ಒಯ್ಯುವ ಯಂತ್ರಗಳ) ಬಳಿ ಕೆಲಸ ಮಾಡಿದ್ದ ಭೌತವಿಜ್ಞಾನಿಗಳಿಗೆ ಎಳೆಯ ವಯಸ್ಸಿನಲ್ಲೇ ಕಣ್ಣಿನ ಪೊರೆ ಬಂದಿತ್ತು. ಅದೇ ಹೊತ್ತಿಗೆ ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರಲ್ಲೂ ಪೊರೆ ಕಂಡಿತು. 1957ರಲ್ಲಿ ಸಂಶೋಧಕರಾದ ಮೆರಿಯಮ್ ಮತ್ತು ಫೋಕ್ಟ್, ವಿಕಿರಣ ಚಿಕಿತ್ಸೆ ಪಡೆದ ರೋಗಿಗಳನ್ನು ಪರಿಶೀಲಿಸಿ, ಒಂದೇ ಸಲಕ್ಕಾದರೆ ಸುಮಾರು 2 ಗ್ರೇಗಿಂತ (ಗ್ರೇ ಎಂದರೆ ದೇಹ ಹೀರಿಕೊಂಡ ವಿಕಿರಣದ ಮಾನ) ಕಡಿಮೆ ಪ್ರಮಾಣದಲ್ಲಿ ಪೊರೆ ಕಾಣಲಿಲ್ಲವೆಂದರು. 1990ರ ಐಸಿಆರ್‌ಪಿ ಶಿಫಾರಸಿನ ಹಿಂದೆ ಇದ್ದದ್ದೂ ಇಂಥದೇ ತಿಳಿವಳಿಕೆ: ದೃಷ್ಟಿ ಕೆಡಿಸುವ ಪೊರೆಗೆ ಒಮ್ಮೆಗೇ 5 ಗ್ರೇ, ನಿಧಾನವಾಗಿ ಬಿದ್ದರೆ 8 ಗ್ರೇಗೂ ಹೆಚ್ಚು ಬೇಕು.

ಈ ಲೆಕ್ಕ ಎಡವಿದ್ದು ಎಲ್ಲಿ? ಮಸೂರದ ಸ್ವಭಾವದಲ್ಲೇ ಇದಕ್ಕೆ ಉತ್ತರವಿದೆ. ಮಸೂರದ ಮುಂಭಾಗದ ಕವಚದಡಿ ಜೀವಕೋಶಗಳ ಒಂದೇ ಒಂದು ಪದರವಿದೆ. ಅಂಚಿನ ಸುತ್ತ ಈ ಕೋಶಗಳು ವಿಭಜನೆಯಾಗಿ, ಉದ್ದಕ್ಕೆ ಬೆಳೆದು, ಪಾರದರ್ಶಕ ಎಳೆಗಳಾಗುತ್ತವೆ. ಬದುಕಿರುವವರೆಗೂ ಇದು ನಡೆಯುತ್ತಲೇ ಇರುತ್ತದೆ. ವಿಕಿರಣದಿಂದ ಕೆಟ್ಟ ಕೋಶ ಸರಿಯಾದ ಎಳೆಯಾಗಲಾರದು. ಅದು ಹಿಂದಕ್ಕೆ ಸರಿದು ಮಸೂರದ ಹಿಂಬದಿಯ ನಡುವೆ ಜಮೆಯಾಗುತ್ತದೆ. ಮಸೂರದಲ್ಲಿ ರಕ್ತನಾಳಗಳಿಲ್ಲ, ಕೆಟ್ಟದ್ದನ್ನು ಹೊರಹಾಕುವ ದಾರಿಯೂ ಇಲ್ಲ. ಅಲ್ಲಿ ಸೇರಿದ್ದು ಅಲ್ಲೇ ಉಳಿಯುತ್ತದೆ. ಸರಿಯಾಗಿ ಬೆಳಕಿನ ದಾರಿಯಲ್ಲೇ ಇರುವುದರಿಂದ ಕಲೆ ಚಿಕ್ಕದಾದರೂ ಓದು ಕಷ್ಟವಾಗುತ್ತದೆ, ಎದುರಿನ ದೀಪ ಕಣ್ಣು ಕುಕ್ಕುತ್ತದೆ. ಪ್ರಮಾಣ ಕಡಿಮೆಯಾದಷ್ಟೂ ಕಲೆ ಕಾಣಿಸಿಕೊಳ್ಳಲು ಹೆಚ್ಚು ವರ್ಷ ಬೇಕು. ಕೆಲವೇ ವರ್ಷ ನೋಡಿ ನಿಲ್ಲಿಸಿದ ಅಧ್ಯಯನಕ್ಕೆ ದೊಡ್ಡ ಪ್ರಮಾಣದ ಹಾನಿ ಮಾತ್ರ ಸಿಕ್ಕೀತು.

ಬಾಂಬಿನಿಂದ ಬದುಕುಳಿದವರನ್ನು ಅರ್ಧ ಶತಮಾನದ ನಂತರ ಮತ್ತೆ ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗಾಯಿತು. ಚೆರ್ನೋಬಿಲ್‌ನಲ್ಲಿ ಶುಚಿ ಕಾರ್ಯಕ್ಕಿಳಿದಿದ್ದ 8,607 ಜನರ ಕಣ್ಣುಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಹಾನಿಯ ಹೊಸ್ತಿಲು, ಅಂದರೆ ಹಾನಿ ಶುರುವಾಗುವ ಪ್ರಮಾಣ, 0.7 ಗ್ರೇ ದಾಟಿರಲಾರದು ಎಂದು ಅದು ಸೂಚಿಸಿತು. 2011ರಲ್ಲಿ ಐಸಿಆರ್‌ಪಿ ಒಪ್ಪಿಕೊಂಡದ್ದು 0.5 ಗ್ರೇ. ಎಕ್ಸ್-ರೇ ಮಟ್ಟಿಗೆ ಅದು ಸರಿಸುಮಾರು 500 ಮಿಲಿಸೀವರ್ಟ್. ವರ್ಷಕ್ಕೆ 20ರಂತೆ ಅದನ್ನು ಮುಟ್ಟಲು 25 ವರ್ಷ ಬೇಕು. ಹಳೆಯ 150ರ ಮಿತಿಯಲ್ಲಿ, ಯಾವ ನಿಯಮವನ್ನೂ ಮುರಿಯದೆ, 4 ವರ್ಷದೊಳಗೆ ಮುಟ್ಟಬಹುದಿತ್ತು. ಈ ಲೆಕ್ಕ ನನ್ನನ್ನು ಇಂದಿಗೂ ಕಾಡುತ್ತದೆ.

ಇದರ ಬಿಸಿ ಹೆಚ್ಚು ತಟ್ಟುವುದು ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ. ಅಲ್ಲಿ ವೈದ್ಯರು ರೋಗಿಯ ಪಕ್ಕದಲ್ಲೇ ನಿಂತು, ಎಕ್ಸ್-ರೇ ಚಿತ್ರ ನೋಡುತ್ತಾ ಹೃದಯದ ರಕ್ತನಾಳದ ತಡೆ ಬಿಡಿಸುತ್ತಾರೆ. ರೋಗಿಯ ದೇಹದಿಂದ ಚದುರಿದ ವಿಕಿರಣ ಅವರ ಮುಖಕ್ಕೆ ಬಡಿಯುತ್ತದೆ. ಸಾಮಾನ್ಯವಾಗಿ ಎಡಗಣ್ಣಿಗೇ ಹೆಚ್ಚು. 2010ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನದಲ್ಲಿ ಇಂಥ 56 ಹೃದ್ರೋಗ ತಜ್ಞರ ಪೈಕಿ 29 ಮಂದಿಯ ಮಸೂರದ ಹಿಂಬದಿಯಲ್ಲಿ ಮಸುಕು ಕಂಡಿತು. ವಿಕಿರಣದ ಕೆಲಸವಿಲ್ಲದ 22 ಮಂದಿಯಲ್ಲಿ ಅದು ಇದ್ದದ್ದು ಇಬ್ಬರಿಗೆ. ಇವೆಲ್ಲ ದೃಷ್ಟಿ ಕೆಡಿಸಿದ ಪೊರೆಗಳಲ್ಲ, ಆರಂಭದ ಗುರುತುಗಳು. ನರ್ಸ್‌ಗಳಲ್ಲೂ ಅವು ಸಿಕ್ಕವು.

ಐರೋಪ್ಯ ಒಕ್ಕೂಟ 2013ರ ನಿರ್ದೇಶನದಲ್ಲಿ ಹೊಸ ಮಿತಿಯನ್ನು ಸೇರಿಸಿಕೊಂಡಿತು. ಜಪಾನ್ 2021ರಲ್ಲಿ ಜಾರಿಗೆ ತಂದಿತು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಮಾತ್ರ 150ರಲ್ಲೇ ಉಳಿಯಿತು. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ. ಮೇಲಿನಿಂದ ಇಳಿಬಿಟ್ಟ ಸೀಸದ ಗಾಜಿನ ಪರದೆ, ಪಕ್ಕದಲ್ಲೂ ಮರೆಯಿರುವ ಸೀಸದ ಕನ್ನಡಕ ಇವು ಚದುರಿದ ವಿಕಿರಣದ ಹೊಡೆತವನ್ನು ಬಹಳಷ್ಟು ತಡೆಯಬಲ್ಲವು. ಅಳತೆಯೂ ಕಣ್ಣಿನ ಹತ್ತಿರವೇ ಆಗಬೇಕು. ಸೀಸದ ಏಪ್ರನ್ನಿನ ಒಳಗೆ, ಎದೆಯ ಮೇಲೆ ಸಿಕ್ಕಿಸಿಕೊಂಡ, ವಿಕಿರಣ ಅಳೆಯುವ ಬ್ಯಾಡ್ಜಿಗೆ ಕಣ್ಣಿಗೆ ಬಿದ್ದದ್ದು ತಿಳಿಯುವುದೇ ಇಲ್ಲ.